ಸಾವಿರದೊಂದು ಕುದುರೆ, ಆರುನೂರ ಇಪ್ಪತ್ತೇಳು ಕುದುರೆ



ಮೋಟಾರು ವಾಹನಗಳ ವಿಜ್ಞಾನವನ್ನು ಕುರಿತ ನಮ್ಮ ಮಾತುಕತೆ ಪ್ರಸಾರವಾದ ಮೇಲೆ ಹಾವೇರಿಯ ಕಡೆಯಿಂದ ಒಂದು ಪತ್ರ ಬಂತು. ಬರೆದಾತ ದ್ವಿತೀಯ ಪಿ.ಯು.ಸಿ. ವಿದ್ಯಾರ್ಥಿ. ಕಾರ್ಯಕ್ರಮದ ಕೊನೆಯಲ್ಲಿ ಜಗತ್ತಿನ ಎರಡು ಹೆಸರಾಂತ ಕಾರುಗಳ ಪ್ರಸ್ತಾಪ ಬಂದಿತ್ತು: ಇಂಗ್ಲೆಂಡಿನ ಮ್ಯಾಕ್ಲಾರೆನ್ ಎಫ್-1 ಮತ್ತು ಫ್ರಾನ್ಸಿನ ಬುಗಾಟಿ ವೇರಾನ್. ಎರಡನ್ನೂ ನೇರ ರಸ್ತೆಯಲ್ಲಿ ಒಟ್ಟಿಗೆ ಬಿಟ್ಟರೆ ಬುಗಾಟಿ ಮುಂದೆ ಹೋಗುತ್ತದೆ ಎಂದೆವು. ಏಕೆ ಎಂಬ ಪ್ರಶ್ನೆಗೆ, ತೂಕಕ್ಕೆ ಹೋಲಿಸಿದರೆ ಯಾವುದರ ಎಂಜಿನ್ನಿಗೆ ಹೆಚ್ಚು ಸಾಮರ್ಥ್ಯವಿದೆಯೋ ಅದೇ ಮುಂದೆ ಎಂಬ ಉತ್ತರ ಬಂತು. ಗಡಿಯಾರದಲ್ಲಿ ಉಳಿದಿದ್ದುದು ನಲವತ್ತು ಸೆಕೆಂಡು. ಉತ್ತರ ಚಿಕ್ಕದಾಗಿಯೂ ಚೊಕ್ಕವಾಗಿಯೂ ಇತ್ತು. ಮುಗಿಸಿ ಎಂದು ನಾನೇ ಕೈಸನ್ನೆ ಮಾಡಿದೆ.

ಹುಡುಗನ ಪತ್ರದಲ್ಲಿ ಇದ್ದುದು ನಾಲ್ಕೇ ಸಾಲು. "ಸರ್, ನೀವು ಹೇಳಿದಂತೆ ಭಾಗಿಸಿ ನೋಡಿದೆ. ಲೆಕ್ಕದ ಪ್ರಕಾರ ಮ್ಯಾಕ್ಲಾರೆನ್ ಗೆಲ್ಲಬೇಕು. ಆದರೆ ಬುಗಾಟಿ ಗೆಲ್ಲುತ್ತದೆ ಎಂದು ನೀವೇ ಹೇಳಿದಿರಿ. ಇದರಲ್ಲಿ ಯಾವುದು ತಪ್ಪು?"

ಭೌತಶಾಸ್ತ್ರದಲ್ಲಿ ಪದವಿ ಪಡೆದ ನಾನು ಕಾಗದ, ಪೆನ್ಸಿಲ್ಲು ಹಿಡಿದು ಕುಳಿತೆ. ಹುಡುಗನ ಲೆಕ್ಕ ಸರಿಯಾಗಿಯೇ ಇತ್ತು. ನಮ್ಮ ಉತ್ತರ ಅರ್ಧ ಮಾತ್ರ ಸರಿಯಾಗಿತ್ತು. ಉಳಿದ ಅರ್ಧವನ್ನು ಈ ಪುಟಗಳಲ್ಲಿ ಹೇಳಿ ಸಾಲ ತೀರಿಸಬೇಕಾಗಿದೆ.

ಮೊದಲು ಕಾರುಗಳ ಪರಿಚಯ. ಮ್ಯಾಕ್ಲಾರೆನ್ ಎಫ್-1 ಅನಾವರಣಗೊಂಡದ್ದು 1992ರಲ್ಲಿ. ಅದರ ವಿನ್ಯಾಸಕಾರ, ದಕ್ಷಿಣ ಆಫ್ರಿಕಾದಲ್ಲಿ ಹುಟ್ಟಿದ ಗಾರ್ಡನ್ ಮರ್ರೆ, ತೂಕದ ಕಡು ವೈರಿ. ಕಾರಿನ ಒಡಲು ಇಂಗಾಲದ ಎಳೆಗಳದು. ಚಾಲಕನ ಆಸನ ನಟ್ಟನಡುವೆ, ಅದರ ಎರಡು ಪಕ್ಕಗಳಲ್ಲಿ ತುಸು ಹಿಂದಕ್ಕೆ ಇನ್ನೆರಡು ಆಸನ. ಎಂಜಿನ್ನಿನ ಕಾವು ಒಡಲಿಗೆ ತಗಲದಿರಲೆಂದು ಎಂಜಿನ್ ಗೂಡಿಗೆ ಚಿನ್ನದ ತೆಳು ಹಾಳೆ ಹೊದಿಸಿದ್ದರು. ಉಷ್ಣ ಕಿರಣಗಳನ್ನು ಪ್ರತಿಫಲಿಸುವುದರಲ್ಲಿ ಚಿನ್ನ ಬಹಳ ಗಟ್ಟಿ. ಬಿ.ಎಂ.ಡಬ್ಲ್ಯು. ಸಂಸ್ಥೆಯ 6.1 ಲೀಟರಿನ, 12 ಸಿಲಿಂಡರುಗಳ ಎಂಜಿನ್. ಸಾಮರ್ಥ್ಯ 627 ಅಶ್ವಶಕ್ತಿ, ಅಂದರೆ 461 ಕಿಲೋವಾಟ್. ಕಾರಿನ ತೂಕ 1,138 ಕಿಲೋಗ್ರಾಂ. ರೇಸಿನ ಕಾರುಗಳನ್ನೂ ಸೇರಿಸಿ ತಯಾರಾದದ್ದು 106 ಮಾತ್ರ.

ಬುಗಾಟಿ ವೇರಾನ್ ಇದಕ್ಕೆ ತದ್ವಿರುದ್ಧ ಸ್ವಭಾವದ್ದು. ಅದನ್ನು ಹಟ ಹಿಡಿದು ಮಾಡಿಸಿದವರು ಫೋಕ್ಸ್‌ವ್ಯಾಗನ್ ಸಮೂಹದ ಮುಖ್ಯಸ್ಥರಾಗಿದ್ದ ಫರ್ಡಿನಾಂಡ್ ಪಿಯೆಕ್. 1939ರ ಲೆ ಮಾನ್ ಸ್ಪರ್ಧೆಯನ್ನು ಬುಗಾಟಿ ಕಾರಿನಲ್ಲಿ ಗೆದ್ದ ಪಿಯರ್ ವೇರಾನ್ ಹೆಸರನ್ನು ಅದಕ್ಕಿಟ್ಟರು. 2005ರಿಂದ 2015ರವರೆಗೆ ಫ್ರಾನ್ಸಿನ ಮೊಲ್ಸ್‌ಹೈಮ್‌ನಲ್ಲಿ 450 ಕಾರುಗಳು ತಯಾರಾದವು. 8 ಲೀಟರಿನ ಎಂಜಿನ್, 16 ಸಿಲಿಂಡರು, ನಾಲ್ಕು ಟರ್ಬೋ. ಇವೆಲ್ಲವನ್ನೂ ತಂಪಾಗಿಡಲು ಹತ್ತು ರೇಡಿಯೇಟರುಗಳು! ಸಾಮರ್ಥ್ಯ 1,001 ಅಶ್ವಶಕ್ತಿ, ಅಂದರೆ 736 ಕಿಲೋವಾಟ್. ತೂಕ 1,888 ಕಿಲೋಗ್ರಾಂ.

ಇಲ್ಲೊಂದು ಮಾತು. ಅಶ್ವಶಕ್ತಿ ಎಂಬುದು ಬಳಕೆಯ ಹೆಸರು. ಅದು ಅಳೆಯುವುದು ಶಕ್ತಿಯನ್ನಲ್ಲ, ಸಾಮರ್ಥ್ಯವನ್ನು, ಅಂದರೆ ಒಂದು ಸೆಕೆಂಡಿನಲ್ಲಿ ಎಷ್ಟು ಕೆಲಸವಾಯಿತು ಎಂಬುದನ್ನು. ಪರೀಕ್ಷೆಯಲ್ಲಿ ಇವೆರಡನ್ನು ಅದಲು ಬದಲು ಮಾಡಿದರೆ ಅಂಕ ಹೋಗುತ್ತದೆ. ನಮ್ಮ ಉತ್ತರದಲ್ಲಿ ಹೋದದ್ದೂ ಸುಮಾರಾಗಿ ಇಂಥದ್ದೇ ಒಂದು ಗೊಂದಲದಿಂದ.

ಈಗ ಹುಡುಗನ ಭಾಗಾಕಾರ. 461 ಕಿಲೋವಾಟನ್ನು 1,138 ಕಿಲೋಗ್ರಾಂನಿಂದ ಭಾಗಿಸಿದರೆ ಮ್ಯಾಕ್ಲಾರೆನ್ನಿಗೆ ಕಿಲೋಗ್ರಾಂಗೆ 405 ವಾಟ್. ಹಾಗೆಯೇ ಬುಗಾಟಿಗೆ 390 ವಾಟ್. 75 ಕಿಲೋಗ್ರಾಂ ತೂಕದ ಚಾಲಕನನ್ನು ಕೂರಿಸಿದರೆ ಇವು ಕ್ರಮವಾಗಿ 380 ಮತ್ತು 375 ಆಗುತ್ತವೆ. ಹೆಚ್ಚು ಕಡಿಮೆ ಸಮ. ಇದ್ದ ಚೂರು ಅಂತರವೂ ಮ್ಯಾಕ್ಲಾರೆನ್ ಪರವಾಗಿಯೇ. ಆದರೆ ರಸ್ತೆಯ ಮೇಲೆ ಏನಾಗುತ್ತದೆ? 1994ರಲ್ಲಿ ಬ್ರಿಟನ್ನಿನ 'ಆಟೋಕಾರ್' ಪತ್ರಿಕೆ ಪರೀಕ್ಷಿಸಿದಾಗ ಮ್ಯಾಕ್ಲಾರೆನ್ ನಿಂತಲ್ಲಿಂದ ಗಂಟೆಗೆ 60 ಮೈಲಿ, ಅಂದರೆ 96.6 ಕಿ.ಮೀ. ವೇಗ ತಲುಪಲು 3.2 ಸೆಕೆಂಡು ತೆಗೆದುಕೊಂಡಿತು. ಬುಗಾಟಿ ಗಂಟೆಗೆ 100 ಕಿ.ಮೀ. ತಲುಪಲು 2.5 ಸೆಕೆಂಡು ಸಾಕು ಎಂದು ಅದರ ತಯಾರಕರ ಲೆಕ್ಕ. ಇನ್ನೂ ಹೆಚ್ಚಿನ ವೇಗವನ್ನು ಇನ್ನೂ ಕಡಿಮೆ ಹೊತ್ತಿನಲ್ಲಿ!

ಇದರ ಗುಟ್ಟು ಎಂಜಿನ್ನಿನಲ್ಲಿಲ್ಲ, ಟೈರಿನ ಅಡಿಯಲ್ಲಿದೆ.

ಊರ ಜಾತ್ರೆಯ ಹಗ್ಗಜಗ್ಗಾಟವನ್ನು ನೆನಪು ಮಾಡಿಕೊಳ್ಳಿ. ಗರಡಿಯಾಳೊಬ್ಬ ಎಣ್ಣೆ ಚೆಲ್ಲಿದ ಕಲ್ಲಿನ ಮೇಲೆ ನಿಂತಿದ್ದರೆ ಅವನ ತೋಳಿನ ಬಲವೆಲ್ಲ ವ್ಯರ್ಥ. ಅವನು ಎಷ್ಟು ಎಳೆಯಬಲ್ಲ ಎಂಬುದನ್ನು ನಿರ್ಧರಿಸುವುದು ತೋಳಲ್ಲ, ಅಂಗಾಲು. ಕಾರಿಗೂ ಹೀಗೆಯೇ. ಕಾರನ್ನು ಮುಂದಕ್ಕೆ ತಳ್ಳುವ ಹೊರಗಿನ ಬಲ ಒಂದೇ: ಟೈರಿಗೂ ರಸ್ತೆಗೂ ನಡುವಿನ ಘರ್ಷಣೆ. ಎಂಜಿನ್ ಚಕ್ರವನ್ನು ತಿರುಗಿಸುತ್ತದೆ, ಚಕ್ರ ರಸ್ತೆಯನ್ನು ಹಿಂದಕ್ಕೆ ತಳ್ಳುತ್ತದೆ, ರಸ್ತೆ ಕಾರನ್ನು ಮುಂದಕ್ಕೆ ತಳ್ಳುತ್ತದೆ. ನ್ಯೂಟನ್ನನ ಮೂರನೆಯ ನಿಯಮ. ಈ ಘರ್ಷಣೆಗೆ ಒಂದು ಮಿತಿ ಇದೆ. ಎಂಜಿನ್ನಿನಿಂದ ತಿರುಗುವ ಚಕ್ರಗಳ ಮೇಲೆ ಎಷ್ಟು ಭಾರ ಬಿದ್ದಿದೆಯೋ ಅದನ್ನು ಘರ್ಷಣಾ ಗುಣಾಂಕದಿಂದ ಗುಣಿಸಿದರೆ ಆ ಮಿತಿ ಸಿಗುತ್ತದೆ. ಅದನ್ನು ಮೀರಿ ತಳ್ಳಿದರೆ ಚಕ್ರ ನಿಂತಲ್ಲೇ ಗಿರ್ರನೆ ತಿರುಗಿ ಹೊಗೆ ಎಬ್ಬಿಸುತ್ತದೆ, ಅಷ್ಟೆ.

ಮ್ಯಾಕ್ಲಾರೆನ್ನಿನ ಎಂಜಿನ್ ತಿರುಗಿಸುವುದು ಹಿಂದಿನ ಎರಡು ಚಕ್ರಗಳನ್ನು ಮಾತ್ರ. ಕಾರು ನಿಂತಿರುವಾಗ ಅವುಗಳ ಮೇಲೆ ಬೀಳುವುದು ಒಟ್ಟು ತೂಕದ ಅರ್ಧಕ್ಕಿಂತ ತುಸು ಹೆಚ್ಚು. ಬಸ್ಸು ತಟ್ಟನೆ ಹೊರಟಾಗ ನಿಂತ ಪ್ರಯಾಣಿಕರೆಲ್ಲ ಹಿಂದಕ್ಕೆ ವಾಲುತ್ತಾರಲ್ಲ, ಹಾಗೆ ಕಾರು ನುಗ್ಗಿದಾಗ ಭಾರ ಇನ್ನಷ್ಟು ಹಿಂದಕ್ಕೆ ಸರಿಯುತ್ತದೆ. ಅದು ಹಿಂದಿನ ಚಕ್ರಗಳಿಗೆ ಅನುಕೂಲವೇ. ಆದರೂ ಪೂರ್ತಿ ತೂಕ ಅವುಗಳ ಪಾಲಿಗೆ ಬರುವುದಿಲ್ಲ. ಬುಗಾಟಿಯಲ್ಲಿ ನಾಲ್ಕು ಚಕ್ರಗಳೂ ಎಂಜಿನ್ನಿನಿಂದ ತಿರುಗುತ್ತವೆ. ಹಾಗಾಗಿ ಕಾರಿನ ಪೂರ್ತಿ ತೂಕ ಹಿಡಿತವಾಗಿ ಬಳಕೆಗೆ ಬರುತ್ತದೆ. ಮರ್ರೆ ಶತ್ರುವೆಂದು ಕಂಡ ತೂಕ ಇಲ್ಲಿ ಹೊರಡುವ ಹೊತ್ತಿಗೆ ಮಿತ್ರನಂತೆ ಕೆಲಸ ಮಾಡುತ್ತದೆ.

ಅಂಕಿಗಳಲ್ಲಿ ನೋಡೋಣ. ಗಂಟೆಗೆ 96.6 ಕಿ.ಮೀ. ಎಂದರೆ ಸೆಕೆಂಡಿಗೆ 26.8 ಮೀಟರ್. ಇದನ್ನು 3.2ರಿಂದ ಭಾಗಿಸಿದರೆ ಮ್ಯಾಕ್ಲಾರೆನ್ನಿನ ಸರಾಸರಿ ವೇಗೋತ್ಕರ್ಷ ಸೆಕೆಂಡಿಗೆ ಸೆಕೆಂಡಿಗೆ 8.4 ಮೀಟರ್. ಬುಗಾಟಿಯದು 27.8 ಭಾಗಿಸು 2.5, ಅಂದರೆ 11.1 ಮೀಟರ್. ಗುರುತ್ವ ವೇಗೋತ್ಕರ್ಷ 9.8 ಎಂಬುದು ನಿಮಗೆ ಗೊತ್ತು. ಮಾಳಿಗೆಯಿಂದ ಬೀಳುವ ಕಲ್ಲಿಗಿಂತ ಬೇಗ ಬುಗಾಟಿ ವೇಗ ಗಳಿಸುತ್ತದೆ! ಇದರ ಅರ್ಥ, ಅದರ ಟೈರುಗಳ ಘರ್ಷಣಾ ಗುಣಾಂಕ 1ಕ್ಕಿಂತ ಹೆಚ್ಚಿರಲೇಬೇಕು. ಘರ್ಷಣಾ ಗುಣಾಂಕ ಎಂದೂ 1ನ್ನು ಮೀರುವುದಿಲ್ಲ ಎಂದು ಕೆಲವರು ಬಾಯಿಪಾಠ ಮಾಡಿರುತ್ತಾರೆ. ಅದು ತಪ್ಪು. ಮೃದುವಾದ ರಬ್ಬರು ಒರಟು ರಸ್ತೆಯ ಸಂದುಗಳೊಳಗೆ ಒತ್ತಿ ಕಚ್ಚಿಕೊಳ್ಳುವಾಗ ಆ ಮಿತಿ ದಾಟುತ್ತದೆ.

ಹಾಗಾದರೆ ಈ ಘಟ್ಟದಲ್ಲಿ ಎಂಜಿನ್ನು ಏನು ಮಾಡುತ್ತಿರುತ್ತದೆ? ಸಾಮರ್ಥ್ಯ ಎಂದರೆ ಬಲ ಗುಣಿಸು ವೇಗ. ಆದ್ದರಿಂದ ಅದೇ ಸಾಮರ್ಥ್ಯದಿಂದ ಕಡಿಮೆ ವೇಗದಲ್ಲಿ ಹೆಚ್ಚು ಬಲ, ಹೆಚ್ಚು ವೇಗದಲ್ಲಿ ಕಡಿಮೆ ಬಲ. ಮ್ಯಾಕ್ಲಾರೆನ್ನಿನ 380 ವಾಟನ್ನು 26.8ರಿಂದ ಭಾಗಿಸಿ: 14 ಬರುತ್ತದೆ. ಗಿಯರುಗಳಲ್ಲಿ ಸೋರಿಹೋಗುವುದನ್ನು ಕಳೆದರೂ ಸೆಕೆಂಡಿಗೆ ಸೆಕೆಂಡಿಗೆ 12 ಮೀಟರಿನಷ್ಟು ವೇಗೋತ್ಕರ್ಷ ಕೊಡಲು ಎಂಜಿನ್ ಸಿದ್ಧವಿದೆ. ರಸ್ತೆಗೆ ಇಳಿದದ್ದು ಸುಮಾರು 8.4. ಉಳಿದದ್ದನ್ನು ಚಾಲಕ ತನ್ನ ಪಾದದಿಂದಲೇ ತಡೆದು ಹಿಡಿಯಬೇಕು. ಆ ಕಾರಿನಲ್ಲಿ ಚಕ್ರ ಜಾರದಂತೆ ನೋಡಿಕೊಳ್ಳುವ ಇಲೆಕ್ಟ್ರಾನಿಕ್ ವ್ಯವಸ್ಥೆ ಇರಲಿಲ್ಲ. ಅಂದಮೇಲೆ ಮೊದಲ ಮೂರು ಸೆಕೆಂಡುಗಳಲ್ಲಿ ಕಿಲೋಗ್ರಾಂಗೆ 380 ವಾಟ್ ಇದ್ದರೇನು, 500 ಇದ್ದರೇನು? ಟೈರು ಒಪ್ಪದ ಸಾಮರ್ಥ್ಯ ಇದ್ದೂ ಇಲ್ಲದಂತೆ. ನಮ್ಮ ಕಾರ್ಯಕ್ರಮದ ಉತ್ತರ ಎಡವಿದ್ದು ಇಲ್ಲಿಯೇ.

ಈ ಮಾತಿಗೆ ಒಂದು ಸೊಗಸಾದ ಸಾಕ್ಷಿಯಿದೆ. ಕಾರುಗಳನ್ನು ನೇರ ರಸ್ತೆಯಲ್ಲಿ ಪರೀಕ್ಷಿಸುವವರು ಕಾಲು ಮೈಲಿ, ಅಂದರೆ 402 ಮೀಟರ್ ಓಡಿಸಿ ಎರಡು ಅಂಕಿಗಳನ್ನು ಬರೆದುಕೊಳ್ಳುತ್ತಾರೆ: ತೆಗೆದುಕೊಂಡ ಕಾಲ, ಮತ್ತು ಗೆರೆ ದಾಟುವಾಗಿನ ವೇಗ. ಮ್ಯಾಕ್ಲಾರೆನ್ನಿಗೆ 11.1 ಸೆಕೆಂಡು, ವೇಗ ಗಂಟೆಗೆ 222 ಕಿ.ಮೀ. ಬುಗಾಟಿಗೆ ಸುಮಾರು 10.2 ಸೆಕೆಂಡು, ವೇಗ 225ರಿಂದ 230 ಕಿ.ಮೀ. ಕಾಲದಲ್ಲಿ ಸುಮಾರು ಒಂದು ಸೆಕೆಂಡಿನ ಅಂತರ. ವೇಗದಲ್ಲಿ ಅಂತರ ಅತ್ಯಲ್ಪ! ಕಾಲವನ್ನು ಹೆಚ್ಚಾಗಿ ನಿರ್ಧರಿಸುವುದು ಹೊರಡುವಾಗಿನ ಹಿಡಿತ. ಕೊನೆಯ ವೇಗವನ್ನು ಹೆಚ್ಚಾಗಿ ನಿರ್ಧರಿಸುವುದು ಕಿಲೋಗ್ರಾಂಗೆ ಇರುವ ಸಾಮರ್ಥ್ಯ. ಒಂದು ಅಂಕಿ ಟೈರನ್ನು ಕುರಿತು ಮಾತಾಡುತ್ತದೆ, ಇನ್ನೊಂದು ಎಂಜಿನ್ನನ್ನು ಕುರಿತು. ಹಾವೇರಿಯ ಹುಡುಗನ ಭಾಗಾಕಾರ ಸುಳ್ಳಾಗಿರಲಿಲ್ಲ. ಅದು ಎರಡನೆಯ ಅಂಕಿಯಲ್ಲಿ ಕುಳಿತಿತ್ತು.

ಗಿಯರ್ ಬದಲಾವಣೆಯ ಪಾಲೂ ಸ್ವಲ್ಪ ಇದೆ. ಮ್ಯಾಕ್ಲಾರೆನ್ನಿನಲ್ಲಿ ಕ್ಲಚ್ ತುಳಿದು ಕೈಯಿಂದ ಗಿಯರ್ ಹಾಕಬೇಕು. ಹಾಕುವಷ್ಟು ಹೊತ್ತು ಕಾರನ್ನು ಯಾರೂ ತಳ್ಳುತ್ತಿರುವುದಿಲ್ಲ. ಬುಗಾಟಿಯ ಗಿಯರ್ ಪೆಟ್ಟಿಗೆಯಲ್ಲಿ ಎರಡು ಕ್ಲಚ್ಚುಗಳಿದ್ದು, ಒಂದು ಗಿಯರ್ ದುಡಿಯುತ್ತಿರುವಾಗಲೇ ಮುಂದಿನದು ಸಿದ್ಧವಾಗಿ ಕಾದಿರುತ್ತದೆ. ತಳ್ಳುವುದು ನಿಲ್ಲುವುದೇ ಇಲ್ಲ ಎನ್ನಬಹುದು.

ಇನ್ನು ಗಾಳಿಯ ಕಥೆ. ಗಂಟೆಗೆ 200 ಕಿ.ಮೀ. ದಾಟಿದ ಮೇಲೆ ಟೈರು, ಕ್ಲಚ್ಚುಗಳೆಲ್ಲ ಹಿನ್ನೆಲೆಗೆ ಸರಿದು ಗಾಳಿಯೇ ಪ್ರತಿನಾಯಕನಾಗುತ್ತದೆ. ಮ್ಯಾಕ್ಲಾರೆನ್ ಗಂಟೆಗೆ 150 ಮೈಲಿ, ಅಂದರೆ 241 ಕಿ.ಮೀ. ತಲುಪಲು 12.8 ಸೆಕೆಂಡು ಹಿಡಿಯಿತು. ಅಲ್ಲಿಂದ ಕೇವಲ 50 ಮೈಲಿ ಹೆಚ್ಚಿಸಿ 200 ಮೈಲಿ, ಅಂದರೆ 322 ಕಿ.ಮೀ. ಮುಟ್ಟಲು ಮತ್ತೆ 15.2 ಸೆಕೆಂಡು ಬೇಕಾಯಿತು. ವೇಗ ಎರಡು ಪಟ್ಟಾದರೆ ಗಾಳಿಯ ತಡೆ ನಾಲ್ಕು ಪಟ್ಟಾಗುತ್ತದೆ. ಆ ತಡೆಯನ್ನು ಎರಡು ಪಟ್ಟು ವೇಗದಲ್ಲಿ ನೂಕಬೇಕಾದ್ದರಿಂದ ಬೇಕಾಗುವ ಸಾಮರ್ಥ್ಯ ಎಂಟು ಪಟ್ಟು. ಅಂದರೆ ಸಾಮರ್ಥ್ಯ ವೇಗದ ಘನಕ್ಕೆ ಅನುಪಾತದಲ್ಲಿ ಏರುತ್ತದೆ. ಎದುರು ಗಾಳಿಯಲ್ಲಿ ಸೈಕಲ್ ತುಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಜರ್ಮನಿಯಲ್ಲಿ ಫೋಕ್ಸ್‌ವ್ಯಾಗನ್ನಿನವರ ಏರಾ-ಲೆಸ್ಸಿಯನ್ ಎಂಬ ಪರೀಕ್ಷಾ ಪಥವಿದೆ. ಅಲ್ಲಿ ಎಂಟು ಕಿಲೋಮೀಟರಿಗೂ ಉದ್ದನೆಯ ನೇರ ರಸ್ತೆಯುಂಟು. 1998ರಲ್ಲಿ ಅಲ್ಲಿ ಆಂಡಿ ವಾಲೇಸ್ ಎಂಬ ಚಾಲಕ ಮ್ಯಾಕ್ಲಾರೆನ್ನನ್ನು, ಎಂಜಿನ್ ಸುತ್ತುಗಳ ಮಿತಿಯನ್ನು ತುಸು ಏರಿಸಿ, ಎರಡೂ ದಿಕ್ಕಿನ ಸರಾಸರಿಯಲ್ಲಿ ಗಂಟೆಗೆ 386 ಕಿ.ಮೀ. ಓಡಿಸಿದರು. 2005ರಲ್ಲಿ ಅದೇ ಪಥದಲ್ಲಿ ಬುಗಾಟಿ 408 ಕಿ.ಮೀ. ಮುಟ್ಟಿತು. ಸಾಮರ್ಥ್ಯ 1.6 ಪಟ್ಟು, ವೇಗ ಹೆಚ್ಚಿದ್ದು ನೂರಕ್ಕೆ 6ರಷ್ಟು ಮಾತ್ರ! ಮೋಸವೇ? ಅಲ್ಲ. ಗಾಳಿಗೆ ಎದುರಾಗುವ ಬುಗಾಟಿಯ ಮುಖ ಹೆಚ್ಚು ಅಗಲ; ಹತ್ತು ರೇಡಿಯೇಟರಿಗೂ ಗಾಳಿ ನುಗ್ಗಬೇಕು. ಆಕಾರ, ಅಗಲ ಎರಡನ್ನೂ ಸೇರಿಸಿದರೆ ಅದರ ಗಾಳಿತಡೆ ಮ್ಯಾಕ್ಲಾರೆನ್ನಿನ 1.3 ಪಟ್ಟು. 1.6ನ್ನು 1.3ರಿಂದ ಭಾಗಿಸಿ ಘನಮೂಲ ತೆಗೆಯಿರಿ. 1.07 ಬರುತ್ತದೆ. ನಿಜವಾಗಿ ಆದದ್ದು 1.06. ಕೈಲೆಕ್ಕಕ್ಕೆ ಇದಕ್ಕಿಂತ ಒಳ್ಳೆಯ ಬಹುಮಾನ ಬೇಕೆ?

2010ರಲ್ಲಿ 1,200 ಅಶ್ವಶಕ್ತಿಯ ಬುಗಾಟಿ ಬಂದು 431 ಕಿ.ಮೀ. ಮುಟ್ಟಿತು. 431ನ್ನು 408ರಿಂದ ಭಾಗಿಸಿ ಘನ ಮಾಡಿ, 1,001ರಿಂದ ಗುಣಿಸಿ. 1,200ರ ಹತ್ತಿರಕ್ಕೇ ಬರುತ್ತೀರಿ. ಹೊಸದಾಗಿ ಸೇರಿದ 199 ಕುದುರೆಗಳೆಲ್ಲ ಸೇರಿ ಕೊಟ್ಟದ್ದು ಗಂಟೆಗೆ 23 ಕಿ.ಮೀ. ಮಾತ್ರ.

ಗಾಳಿಯ ವಿಷಯದಲ್ಲಿ ಇನ್ನೊಂದು ವಿಚಿತ್ರವಿದೆ. ಅದನ್ನು ನಾನು ಈ ಪತ್ರ ಬರುವತನಕ ಯೋಚಿಸಿರಲಿಲ್ಲ. ಗಾಳಿಗೆ ಕಾರಿನ ಆಕಾರ ಗೊತ್ತು, ತೂಕ ಗೊತ್ತಿಲ್ಲ. ಗಂಟೆಗೆ 322 ಕಿ.ಮೀ. ವೇಗದಲ್ಲಿ ಗಾಳಿ ಮ್ಯಾಕ್ಲಾರೆನ್ನಿನಿಂದ ಕಿತ್ತುಕೊಳ್ಳುವುದು ಸುಮಾರು 246 ಕಿಲೋವಾಟ್, ಅದರ ಸಾಮರ್ಥ್ಯದ ಅರ್ಧಕ್ಕೂ ಹೆಚ್ಚು. ಬುಗಾಟಿಯಿಂದ ಸುಮಾರು 320. ಅದು 736ರಲ್ಲಿ ಅರ್ಧವೂ ಆಗಲಿಲ್ಲ. ಉಳಿದದ್ದನ್ನು ಚಾಲಕನೂ ಸೇರಿದ ತೂಕಕ್ಕೆ ಹಂಚಿದರೆ ಮ್ಯಾಕ್ಲಾರೆನ್ನಿಗೆ ಕಿಲೋಗ್ರಾಂಗೆ 177 ವಾಟ್, ಬುಗಾಟಿಗೆ 212. ನಿಂತಾಗ ಸಮವಾಗಿದ್ದವರು ಗಾಳಿಯ ತೆರಿಗೆ ಕಟ್ಟಿದ ಮೇಲೆ ಸಮವಲ್ಲ. ಚಿಕ್ಕ ಅಂಗಡಿಗೂ ದೊಡ್ಡ ಅಂಗಡಿಗೂ ಹೆಚ್ಚುಕಡಿಮೆ ಒಂದೇ ಬಾಡಿಗೆ ಇದ್ದಂತೆ.

ಗಳಿಸಿದ ವೇಗವನ್ನು ಕಳೆಯಬೇಕಲ್ಲ, ಅದನ್ನೂ ಲೆಕ್ಕ ಹಾಕಿ. ಗಂಟೆಗೆ 400 ಕಿ.ಮೀ. ವೇಗದ ಬುಗಾಟಿಯ ಚಲನ ಶಕ್ತಿ ಸುಮಾರು 12 ಮೆಗಾಜೂಲ್. ಇದು 30 ಡಿಗ್ರಿ ಸೆಲ್ಸಿಯಸ್ಸಿನ 40 ಲೀಟರ್ ನೀರನ್ನು ಕುದಿಯುವ ಹಂತಕ್ಕೆ ತರುವಷ್ಟು ಶಕ್ತಿ. ಕಾರು ನಿಲ್ಲಬೇಕಾದರೆ ಇದಿಷ್ಟೂ ಬ್ರೇಕುಗಳಿಗೆ ಮತ್ತು ಗಾಳಿಗೆ ಹೋಗಬೇಕು. ಬ್ರೇಕ್ ಒತ್ತಿದಾಗ ಬುಗಾಟಿಯ ಹಿಂದಿನ ರೆಕ್ಕೆ ಎದ್ದು ನಿಂತು ಗಾಳಿಗೆ ಅಡ್ಡವಾಗುವುದು ಇದಕ್ಕಾಗಿಯೇ. 100 ಕಿ.ಮೀ. ವೇಗದಲ್ಲಿ ಈ ಶಕ್ತಿ ಹದಿನಾರರಲ್ಲಿ ಒಂದು ಪಾಲು. ನಿಮ್ಮ ಅಣ್ಣನ ಮೋಟಾರ್ ಸೈಕಲ್ಲಿಗೂ ಇದೇ ವರ್ಗದ ನಿಯಮ. 40ರ ಬದಲು 80ರಲ್ಲಿ ಹೋದರೆ ಬ್ರೇಕಿನ ಪಾಲಿಗೆ ನಾಲ್ಕು ಪಟ್ಟು ಕೆಲಸ. ಜಾಹೀರಾತುಗಳಲ್ಲಿ ಅಶ್ವಶಕ್ತಿಯನ್ನು ದಪ್ಪ ಅಕ್ಷರದಲ್ಲಿ ಹಾಕುತ್ತಾರೆ; ನಿಲ್ಲಲು ಬೇಕಾದ ದೂರವನ್ನು ಹಾಗೆ ಹಾಕಿದ್ದನ್ನು ನಾನಂತೂ ಕಂಡಿಲ್ಲ.

ಅಂಕಿಗಳನ್ನು ಹೋಲಿಸುವಾಗ ಒಂದು ಎಚ್ಚರ ಬೇಕು. 60 ಮೈಲಿ ಮತ್ತು 100 ಕಿ.ಮೀ. ಒಂದೇ ಅಲ್ಲ ಎಂಬುದನ್ನು ಆಗಲೇ ಕಂಡಿರಿ. ಇನ್ನೊಂದು, ಅಮೆರಿಕದ ರೂಢಿಯಲ್ಲಿ ಕಾರು ಮೊದಲ ಒಂದು ಅಡಿ ಉರುಳಿದ ಮೇಲೆ ಗಡಿಯಾರ ಶುರು ಮಾಡುವುದುಂಟು. ಒಂದಡಿ ತಾನೇ ಎನ್ನಬೇಡಿ. ಸೆಕೆಂಡಿಗೆ ಸೆಕೆಂಡಿಗೆ 10 ಮೀಟರ್ ವೇಗೋತ್ಕರ್ಷದಲ್ಲಿ 0.3 ಮೀಟರ್ ದಾಟಲು ಕಾಲು ಸೆಕೆಂಡು ಬೇಕು. ಎರಡೂವರೆ ಸೆಕೆಂಡಿನ ಲೆಕ್ಕದಲ್ಲಿ ಕಾಲು ಸೆಕೆಂಡು ಎಂದರೆ ಹತ್ತನೆಯ ಒಂದು ಪಾಲು! 2021ರಲ್ಲಿ ಬಂದ ಟೆಸ್ಲಾ ಸಂಸ್ಥೆಯ ವಿದ್ಯುತ್ ಕಾರೊಂದು 60 ಮೈಲಿ ವೇಗವನ್ನು 2 ಸೆಕೆಂಡಿನೊಳಗೆ ಮುಟ್ಟುತ್ತದೆ ಎಂದು ಪ್ರಕಟವಾದ ಅಂಕಿಯಲ್ಲಿ ಈ ಒಂದಡಿಯನ್ನು ಬಿಟ್ಟು ಎಣಿಸಲಾಗಿತ್ತು. ಆ ಕಾರು ನಿಜವಾಗಿ ಚುರುಕೇ. ವಿದ್ಯುತ್ ಮೋಟಾರು ನಿಂತಲ್ಲಿಂದಲೇ ಪೂರ್ಣ ತಿರುಗುಬಲ ಕೊಡುತ್ತದೆ, ನಾಲ್ಕು ಚಕ್ರಗಳೂ ತಿರುಗುತ್ತವೆ, ಗಿಯರ್ ಬದಲಿಸುವ ಗೊಡವೆಯಿಲ್ಲ. ಬುಗಾಟಿ ಹತ್ತು ರೇಡಿಯೇಟರು ಹೊತ್ತು ಸಾಧಿಸಿದ್ದನ್ನು ಐದು ಜನ ಕೂರುವ ಕಾರು ಸಾಧಿಸುತ್ತದೆ. ಆದರೆ ಅಲ್ಲಿಯೂ ಮೊದಲ ಎರಡು ಸೆಕೆಂಡುಗಳ ಯಜಮಾನ ಟೈರೇ.

ವೇಗೋತ್ಕರ್ಷ ಅಳೆಯಲು ಇಂಥ ಕಾರೇ ಬೇಕೆಂದಿಲ್ಲ. ಒಂದು ಬೀಗದ ಕೈಯನ್ನು ದಾರಕ್ಕೆ ಕಟ್ಟಿ, ದಾರದ ಇನ್ನೊಂದು ತುದಿಯನ್ನು ಕೋನಮಾಪಕದ ನಡುಬಿಂದುವಿಗೆ ಅಂಟಿಸಿ ಬಸ್ಸಿನ ಕಿಟಕಿಯ ಪಕ್ಕ ಹಿಡಿದು ಕುಳಿತುಕೊಳ್ಳಿ. ಬಸ್ಸು ಹೊರಟಾಗ ದಾರ ಹಿಂದಕ್ಕೆ ವಾಲುತ್ತದೆ. ಆ ಕೋನದ ಟ್ಯಾಂಜೆಂಟನ್ನು 9.8ರಿಂದ ಗುಣಿಸಿದರೆ ಬಸ್ಸಿನ ವೇಗೋತ್ಕರ್ಷ ಸಿಗುತ್ತದೆ. ದಾರ 6 ಡಿಗ್ರಿ ವಾಲಿದರೆ ಸೆಕೆಂಡಿಗೆ ಸೆಕೆಂಡಿಗೆ ಸುಮಾರು 1 ಮೀಟರ್. ಇದೇ ದಾರ ಮ್ಯಾಕ್ಲಾರೆನ್ನಿನಲ್ಲಿ 41 ಡಿಗ್ರಿ, ಬುಗಾಟಿಯಲ್ಲಿ 49 ಡಿಗ್ರಿ ವಾಲುತ್ತಿತ್ತು. ಕೈ ಅಲುಗುತ್ತದೆ, ದಾರ ತೂಗಾಡುತ್ತದೆ; ಆದ್ದರಿಂದ ಐದಾರು ಬಾರಿ ನೋಡಿ ಸರಾಸರಿ ತೆಗೆಯಿರಿ. ಬಸ್ಸು ಬ್ರೇಕ್ ಹಾಕಿದಾಗ ದಾರ ಮುಂದಕ್ಕೆ ಎಷ್ಟು ಡಿಗ್ರಿ ವಾಲಿತು ಎಂಬುದನ್ನೂ ಬರೆದುಕೊಳ್ಳಿ. ಹೊರಡುವ ಕೋನ, ನಿಲ್ಲುವ ಕೋನ ಎರಡನ್ನೂ, ಬಸ್ಸು ಎಲ್ಲಿಂದ ಎಲ್ಲಿಗೆ ಹೋಗುವುದೆಂಬುದನ್ನೂ ಒಂದು ಕಾರ್ಡಿನಲ್ಲಿ ಬರೆದು ಕಳಿಸಿ. ಹಾವೇರಿಯಿಂದ ಎರಡನೆಯ ಪತ್ರ ಆಗಲೇ ಬಂದಿದೆ: ಹೊರಡುವಾಗ 7 ಡಿಗ್ರಿ, ನಿಲ್ಲುವಾಗ 14.